ಸುಣ್ಣದ ಗೆರೆಯ ಆಸ್ಪತ್ರೆ

ನಾಲ್ಕು ಜನ ಹೆಣ ಎತ್ತಿಕೊಂಡು ಬಟಾಬಯಲಿನಲ್ಲಿ ನಡೆದು ಬರುತ್ತಿದ್ದಾರೆ. ಸುತ್ತ ಗೋಡೆ ಇಲ್ಲ, ಬೇಲಿ ಇಲ್ಲ, ಎಡವಲು ಒಂದು ಕಲ್ಲೂ ಇಲ್ಲ. ಇದ್ದಕ್ಕಿದ್ದಂತೆ ಮುಂದಿನವನು ನಿಂತು, "ಹಿಂಗೇ ಬಂದ್ರೆ ಹಿಡ್ಸಲ್ಲ, ವಾರೆ ಮಾಡ್ಕೊಳ್ರೋ" ಎನ್ನುತ್ತಾನೆ. ನಾಲ್ವರೂ ಹೆಣವನ್ನು ಓರೆ ಮಾಡಿ, ಒಬ್ಬರ ಹಿಂದೆ ಒಬ್ಬರಾಗಿ, ಮೊಣಕೈ ಮೈಗೆ ಒತ್ತಿಕೊಂಡು, ಮೂರೂವರೆ ಅಡಿ ಜಾಗದಲ್ಲಿ ತೂರಿ ಆಚೆ ಬರುತ್ತಾರೆ. ಬಂದ ಮೇಲೆ ಮತ್ತೆ ಅಗಲವಾಗಿ ನಡೆಯುತ್ತಾರೆ. ನೋಡುತ್ತಿದ್ದ ಊರಿನವರಲ್ಲಿ ಒಬ್ಬರೂ ನಗಲಿಲ್ಲ.

ಆ ನಾಲ್ವರಲ್ಲಿ ಎಡಗಾಲು ಹಿಡಿದುಕೊಂಡಿದ್ದವನು ನಾನು.

ಇದನ್ನು ಬರೆಯೋಣ ಎಂದು ಎಷ್ಟೋ ಸಲ ಫೋನ್ ಎತ್ತಿಕೊಂಡು ಮತ್ತೆ ಇಟ್ಟಿದ್ದೇನೆ. ನನ್ನ ಪೇಜಿಗೆ ಬರುವವರಿಗೆ ಗೊತ್ತು, ನಾನು ದೆವ್ವದ ಕತೆ ಹೇಳುವ ಆಸಾಮಿ ಅಲ್ಲ. ರಸ್ತೆ ಗುಂಡಿ, ಉರಿಯದ ಬೀದಿ ದೀಪ, ಗ್ರಾಮಸಭೆಯಲ್ಲಿ ಯಾರು ಯಾರಿಗೆ ಬೈದರು, ಇಷ್ಟೇ ನನ್ನ ಸರಕು. ಇದೂ ಪಂಚಾಯ್ತಿ ಸಮಾಚಾರವೇ. ಓದುವಾಗ ಮೈ ಜುಂ ಎಂದರೆ ಅದಕ್ಕೆ ನಾನು ಜವಾಬ್ದಾರನಲ್ಲ. ಅಲ್ಲ, ತಪ್ಪು ಹೇಳಿದೆ. ನಾನೇ ಜವಾಬ್ದಾರ. ಅದಕ್ಕೇ ಬರೆಯುತ್ತಿದ್ದೇನೆ.

ಸತ್ತವರ ಹೆಸರು ಹಾಕುವುದಿಲ್ಲ. ತೂಬಗೆರೆ ಹೋಬಳಿಯ ನಮ್ಮ ಊರಿಗೆ ಅವರು ಬರೀ ಮೇಸ್ತ್ರಿ. ಗಾರೆ ಕೆಲಸದ ಮೇಸ್ತ್ರಿ. ನಮ್ಮೂರಿನ ಅರ್ಧ ಮನೆಗಳ ಪಾಯ ಅವರ ಕೈಯದು. ಉದ್ದನೆಯ ಒಣಕಲು ಆಳು, ಹೆಗಲ ಮೇಲೆ ಟವೆಲ್ಲು, ಜೇಬಿನಲ್ಲಿ ಅಳತೆ ಟೇಪು. ಗೋಡೆ ನೆಟ್ಟಗಿದೆಯೇ ಎಂದು ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿ ನೋಡಿ, ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಎದುರು ನಿಂತು ಮಾತಾಡಿದರೆ, ನಾವು ಎಷ್ಟು ವಾಲಿದ್ದೇವೆ ಎಂದು ಅಳೆಯುತ್ತಿದ್ದಾರೆ ಅನ್ನಿಸುತ್ತಿತ್ತು.

ನನ್ನದು ಪಂಚಾಯ್ತಿ ಆಫೀಸಿನ ಎದುರು ಒಂದು ಜೆರಾಕ್ಸ್ ಅಂಗಡಿ. ಅವರ ಹೆಂಡತಿ ತೀರಿಕೊಂಡ ವರ್ಷ, ತಿಥಿ ಮುಗಿದ ಮಾರನೇ ದಿನ, ಮೇಸ್ತ್ರಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು.

"ಒಂದು ಅರ್ಜಿ ಬರ್ಕೊಡಪ್ಪ. ಆರ್‌ಟಿಐನಲ್ಲಿ ಹಾಕ್ಬೇಕು."

"ಏನಂತ ಮೇಸ್ತ್ರಿ?"

"ನಮ್ಮೂರ ಸಿಸ್ಟರ್ ಆಸ್ಪತ್ರೆ ಎಲ್ಲೈತೆ ಅಂತ."

ನಾನು ನಕ್ಕೆ. ನಮ್ಮೂರಲ್ಲಿ ಆಸ್ಪತ್ರೆ ಎಲ್ಲಿದೆ? ಸಿಸ್ಟರ್ ಆಸ್ಪತ್ರೆ, ಅಂದರೆ ಆರೋಗ್ಯ ಉಪಕೇಂದ್ರ, ಮಂಜೂರಾಗಿದೆ ಎಂದು ಎಷ್ಟೋ ವರ್ಷದ ಹಿಂದೆ ಯಾರೋ ಭಾಷಣ ಮಾಡಿದ್ದು ನೆನಪು, ಅಷ್ಟೇ. ನರ್ಸಮ್ಮ ಮಂಗಳವಾರ ಸ್ಕೂಟಿಯಲ್ಲಿ ಬಂದರೆ ಬಂದರು. ಕೂರಲು ಜಾಗ ಇಲ್ಲ, ಮಳೆ ಬಂದರೆ ಬರುವುದಿಲ್ಲ. ಬಿಪಿ ಮಾತ್ರೆ, ಸೂಜಿ, ಬಸುರಿಯರ ತಪಾಸಣೆ ಎಲ್ಲದಕ್ಕೂ ಹೋಬಳಿಗೆ ಬಸ್ಸು ಹಿಡಿಯಬೇಕು.

"ನಗ್ಬೇಡ, ಬರಿ" ಎಂದರು ಮೇಸ್ತ್ರಿ. ಬರೆದೆ.

ಉತ್ತರ ಬಂತು. ನಮ್ಮ ದೊಡ್ಡ ದೊಡ್ಡ ಆಫೀಸುಗಳಿಗೆ ಒಂದು ಭಾಷೆ ಇದೆಯಲ್ಲ, ಅದರಲ್ಲೇ. ಸದರಿ ಕಟ್ಟಡದ ಕಾಮಗಾರಿ ಪೂರ್ಣಗೊಂಡಿದ್ದು, ಹಸ್ತಾಂತರವಾಗಿದ್ದು, ಸಾರ್ವಜನಿಕರ ಉಪಯೋಗದಲ್ಲಿರುತ್ತದೆ. ಜೊತೆಗೆ ಸರ್ವೆ ನಂಬರು, ನಕ್ಷೆ, ಅಳತೆ. ಬಿಲ್ಲೂ ಆಗಿದೆ. ಸರ್ವೆ ನಂಬರು ನೋಡಿದರೆ ಕೆರೆ ಏರಿ ಪಕ್ಕದ ಸರ್ಕಾರಿ ಬಯಲು. ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ.

ಬೇರೆ ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದರು. ಮೇಸ್ತ್ರಿ ನಕ್ಷೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಅಳತೆ ಚೆನ್ನಾಗೈತೆ. ಗಾಳಿ ಬೆಳಕು ಬತ್ತದೆ" ಎಂದರು. ಆಮೇಲೆ, "ಸಾರ್ವಜನಿಕರ ಉಪಯೋಗದಲ್ಲೈತೆ ಅಂತ ಬರ್ದವ್ರೆ. ಹಂಗಾರೆ ಉಪಯೋಗಿಸ್ಬೇಕಲ್ಲಪ್ಪ."

ಮುಂದಿನ ಸೋಮವಾರ ಒಂದು ಚೀಲ ಸುಣ್ಣದ ಪುಡಿ, ನಾಲ್ಕು ಗೂಟ, ದಾರ ತೆಗೆದುಕೊಂಡು ಬಯಲಿಗೆ ಹೋದರು. ಪಾಯ ತೋಡುವ ಮುಂಚೆ ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕುತ್ತಾರಲ್ಲ, ಹಾಗೆ ನಕ್ಷೆಯಲ್ಲಿದ್ದ ಪೂರ್ತಿ ಆಸ್ಪತ್ರೆಯನ್ನು ಹಾಕಿದರು. ಕಾಯುವ ಜಾಗ, ತಪಾಸಣೆ ಕೋಣೆ, ಔಷಧಿ ಇಡುವ ಕೋಣೆ. ಗೋಡೆಯ ದಪ್ಪಕ್ಕೆ ಜೋಡಿ ಗೆರೆ. ಬಾಗಿಲಿಗೆ ಮೂರೂವರೆ ಅಡಿ ಖಾಲಿ. ಮಂಗಳವಾರ ಬೆಳಗ್ಗೆ ಪ್ಲಾಸ್ಟಿಕ್ ಕುರ್ಚಿ ಹೊತ್ತು ಬಂದು, ಬಾಗಿಲ ಜಾಗದಲ್ಲಿ ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಕಾಯುವ ಜಾಗದಲ್ಲಿ ಕೂತರು.

ನಾನು ಓಡಿ ಹೋಗಿ ವಿಡಿಯೋ ಮಾಡಿದೆ. ಗೆರೆ ದಾಟಿ ಅವರ ಹತ್ತಿರ ಹೋಗಲು ಕಾಲೆತ್ತಿದೆ.

"ಲೋ, ಏನ್ ಗೋಡೇಲಿ ಬತ್ತೀಯ? ಬಾಗ್ಲಿಲ್ವಾ?"

"ಗೋಡೆ ಎಲ್ಲೈತೆ ಮೇಸ್ತ್ರಿ!"

"ನಮ್ ಗುರು ಹೇಳ್ಕೊಟ್ಟಿರೋದು. ಸುಣ್ಣ ಬಿದ್ಮೇಲೆ ಗೋಡೆ ಬಿದ್ದಂಗೆ. ದಾಟ್ಬಾರ್ದು. ಬಳಸ್ಕಂಡ್ ಬಾ."

ಬಳಸಿಕೊಂಡು ಬಂದೆ. ಆ ವಿಡಿಯೋಗೆ ನಾನು ಕೊಟ್ಟ ಕಾಮೆಂಟರಿ ನೆನೆಸಿಕೊಂಡರೆ ಈಗ ನಾಚಿಕೆ. 'ಬನ್ನಿ ಸ್ನೇಹಿತರೇ, ಗಾಳಿ ಆಸ್ಪತ್ರೆಗೆ ಸ್ವಾಗತ, ಎಡಗಡೆ ಬಾಗಿಲು, ತಲೆ ಹುಷಾರು' ಅಂತೆಲ್ಲ. ಜನ ಬಿದ್ದು ಬಿದ್ದು ನಕ್ಕರು. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರೂ ನನಗೆ 'ಏನ್ ಗುರು, ಗಾಳಿ ಆಸ್ಪತ್ರೆ' ಎಂದರು. ಮೇಸ್ತ್ರಿಗೂ ಯಾರೋ ತೋರಿಸಿದ್ದರು. ಬೈಯುತ್ತಾರೆ ಎಂದುಕೊಂಡೆ. ಅಂಗಡಿಗೆ ಬಂದು ಹೇಳಿದ್ದು ಒಂದೇ ಮಾತು: "ಬಾಗ್ಲು ಎಡಕ್ಕೆ ಅಂದ್ಬಿಟ್ಟಿದ್ದೀಯ. ರಸ್ತೆಯಿಂದ ನೋಡುದ್ರೆ ಬಲಕ್ಕೆ ಕಣೋ. ನೋಡ್ದೆ ಯಾಕ್ ಹೇಳ್ತೀಯ?"

ಮೊದಲ ಒಂದೆರಡು ವಾರ ತಮಾಷೆ. ಆಮೇಲೆ ಏನೋ ಆಯಿತು. ಯಾವಾಗ ಎಂದು ನನಗೂ ಹೇಳಲು ಬರುವುದಿಲ್ಲ.

ಕ್ರಿಕೆಟ್ ಆಡುವವರು ವಿಕೆಟ್ಟನ್ನು ಆಚೆಗೆ ಸರಿಸಿಕೊಂಡರು. ಚೆಂಡು ಗೆರೆಯೊಳಗೆ ಬಿದ್ದರೆ ಸುತ್ತಿ ಬಂದು ಬಾಗಿಲ ಜಾಗದಿಂದ ಹೋಗಿ ತರುತ್ತಿದ್ದರು. ನರ್ಸಮ್ಮ ಒಂದು ಮಂಗಳವಾರ ಸ್ಕೂಟಿ ನಿಲ್ಲಿಸಿ, ಬಿಸಿಲಲ್ಲಿ ಅಲ್ಲಿ ಇಲ್ಲಿ ಕೂರುವ ಬದಲು ಇಲ್ಲೇ ಸರಿ ಎಂದು ತಪಾಸಣೆ ಕೋಣೆಯ ಗೆರೆಯೊಳಗೆ ಬಿಪಿ ಮೆಷಿನ್ ತೆರೆದರು. ಹೆಂಗಸರು ಬಾಗಿಲ ಜಾಗದಲ್ಲಿ ಚಪ್ಪಲಿ ಬಿಟ್ಟು ಸಾಲಾಗಿ ನಿಂತರು. ನಮ್ಮ ಪಕ್ಕದ ಮನೆಯ ಜಯಮ್ಮ ಯಾರ ಮಾತನ್ನೂ ಕೇಳುವವಳಲ್ಲ. ಅವಳೂ ಒಳಗೆ ಹೋದ ಕೂಡಲೇ ದನಿ ತಗ್ಗಿಸುತ್ತಿದ್ದಳು. "ಯಾಕಕ್ಕ ಪಿಸಪಿಸ ಅಂತೀಯ?" ಎಂದು ಕೇಳಿದೆ. "ಗೊತ್ತಿಲ್ಲ ಕಣಪ್ಪ. ಒಳಗೆ ಮಾತಾಡುದ್ರೆ ಸದ್ದು ತಿರುಗಿ ಬಂದಂಗಾಯ್ತದೆ" ಎಂದಳು.

ನಾಯಿಗಳ ವಿಷಯ ಹೇಳಲೇಬೇಕು. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಪಶ್ಚಿಮಕ್ಕೆ ವಾಲಿದಾಗ, ಊರ ನಾಯಿಗಳು ಬಂದು ಪೂರ್ವದ ಗೆರೆಯ ಆಚೆ, ಗೆರೆಗೆ ಅಂಟಿಕೊಂಡು ಉದ್ದಕ್ಕೆ ಮಲಗುತ್ತಿದ್ದವು. ಗೋಡೆ ಇದ್ದಿದ್ದರೆ ಆ ಹೊತ್ತಿಗೆ ನೆರಳು ಬೀಳಬೇಕಾದ ಪಟ್ಟಿ ಅದು. ಸುಡುವ ನೆಲದ ಮೇಲೆ, ನೆರಳಲ್ಲಿ ಮಲಗಿದ ಹಾಗೆ ನಾಲಿಗೆ ಒಳಗಿಟ್ಟುಕೊಂಡು. ಅದನ್ನೂ ವಿಡಿಯೋ ಮಾಡಿದ್ದೆ. ಮನೆಗೆ ಹೋಗಿ ನೋಡಿ, ಪೇಜಿಗೆ ಹಾಕದೆ ಅಳಿಸಿಬಿಟ್ಟೆ.

ಒಮ್ಮೆ ಇಲಾಖೆಯಿಂದ ಒಬ್ಬ ಎಂಜಿನಿಯರ್ ಬಂದರು. ಚಿಕ್ಕ ವಯಸ್ಸು, ಕೂಲಿಂಗ್ ಗ್ಲಾಸು. "ಯಾರ್ರೀ ಇದು ರಂಗೋಲಿ ಹಾಕಿರೋದು?" ಎನ್ನುತ್ತಾ ನೇರವಾಗಿ ನುಗ್ಗಿದರು. ಸಾಲಿನಲ್ಲಿದ್ದ ಜಯಮ್ಮ, "ಅಯ್ಯೋ, ಗೋಡೆ!" ಎಂದು ಚೀರಿದಳು. ಆ ಮನುಷ್ಯ ಗಕ್ಕನೆ ನಿಂತು ಎರಡೂ ಕೈಯಲ್ಲಿ ಹಣೆ ಹಿಡಿದುಕೊಂಡರು. ಬಡಿದುಕೊಂಡವರ ಹಾಗೆ. ಅಂಗೈ ತೆಗೆದು ರಕ್ತ ಬಂದಿದೆಯೇ ಎಂದೂ ನೋಡಿಕೊಂಡರು. ಕಿವಿ ಕೆಂಪಾಯಿತು. ಹಾಗೇ ಜೀಪು ಹತ್ತಿದರು. ಮತ್ತೆ ಬರಲಿಲ್ಲ.

"ಪಾಪ, ಬಾಗ್ಲು ತೋರ್ಸ್‌ಬೇಕಾಗಿತ್ತು" ಎಂದರು ಮೇಸ್ತ್ರಿ.

ಅವರಿಗೆ ಇನ್ನೊಂದು ಚಾಳಿಯಿತ್ತು. ನೋಡದೆ ಯಾವುದಕ್ಕೂ ಸಹಿ ಹಾಕುತ್ತಿರಲಿಲ್ಲ. ಪೋಸ್ಟ್‌ಮನ್ ರಿಜಿಸ್ಟರ್ ಕಾಗದ ತಂದರೆ, ಮೊದಲು ಲಕೋಟೆ ಒಡೆದು ಓದಿ, ಆಮೇಲೆ ರಸೀದಿಗೆ ಸಹಿ. "ಯಜಮಾನ್ರೇ, ನಿಯಮ ಹಂಗಿಲ್ಲ, ಮೊದ್ಲು ಸೈನ್ ಮಾಡಿ" ಎಂದು ಅವನು ಗೋಗರೆಯುತ್ತಿದ್ದ. "ಏನ್ ಬಂದೈತೆ ಅಂತ್ಲೇ ಗೊತ್ತಿಲ್ದೆ ಬಂತು ಅಂತ ಹೆಂಗಪ್ಪ ಬರ್ಕೊಡ್ಲಿ?" ಎಂದು ಇವರು. ತಮ್ಮನ ಮಗನ ಮದುವೆ ನೋಂದಣಿಗೆ ಸಾಕ್ಷಿ ಹಾಕಿ ಎಂದರೆ, "ತಾಳಿ ಕಟ್ಟೋ ಹೊತ್ನಲ್ಲಿ ನಾನು ಊಟದ್ ಮನೇಲಿದ್ದೆ, ನೋಡಿಲ್ಲ" ಎಂದು ಎದ್ದು ಬಂದರು. ತಮ್ಮ ಎರಡು ತಿಂಗಳು ಮಾತು ಬಿಟ್ಟ.

ನನಗೆ ಇದೆಲ್ಲ ಮುದುಕರ ಹಟ ಅನ್ನಿಸುತ್ತಿತ್ತು. ಒಂದು ದಿನ ಕೇಳಿಯೇ ಬಿಟ್ಟೆ. ಅವರು ಸುಮಾರು ಹೊತ್ತು ಟೇಪನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದರು.

"ನಮ್ಮವಳು ಬಟ್ಟೆ ಒಗಿಯೋ ಕಲ್ಲತ್ರ ಬಿದ್ಲಲ್ಲ, ಆವತ್ತಿಗೆ ಬಿಪಿ ಮಾತ್ರೆ ಮುಗ್ದು ಮೂರು ವಾರ ಆಗಿತ್ತು. ಒಂದು ವಾರ ಬಸ್ ತಪ್ತು. ಒಂದು ವಾರ ನಂಗೆ ಕೆಲ್ಸ ಇತ್ತು. ಇನ್ನೊಂದು ವಾರ ಮಳೆ ಅಂತ ನರ್ಸಮ್ಮ ಬರ್ಲಿಲ್ಲ." ಟೇಪು ಟಪ್ಪನೆ ಒಳಗೆ ಹೋಯಿತು. "ಊರಲ್ಲೇ ಆಸ್ಪತ್ರೆ ಇತ್ತಲ್ಲಪ್ಪ. ಕಾಗ್ದದಲ್ಲಿ."

ಅದಕ್ಕೂ ಸಹಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಅವರು ಹಾಕಿದ ಅರ್ಜಿಗಳೆಲ್ಲ ನನ್ನ ಅಂಗಡಿಯಲ್ಲೇ ಟೈಪ್ ಆದವು, ಉತ್ತರವೂ ನನ್ನ ಅಂಗಡಿಯ ವಿಳಾಸಕ್ಕೆ. ಕೇಳಿದ್ದಕ್ಕೆಲ್ಲ ಏನೋ ಒಂದು ಉತ್ತರ ಬರುತ್ತಿತ್ತು, ಒಂದಕ್ಕೆ ಬಿಟ್ಟು: ಕಟ್ಟಡ ಹಸ್ತಾಂತರದ ಸ್ಥಳ ಮಹಜರಿನ ನಕಲು. ಮಹಜರು ಎಂದರೆ, ಸ್ಥಳಕ್ಕೆ ಹೋಗಿ ಕಣ್ಣಾರೆ ಕಂಡೆವು ಎಂದು ಊರಿನವರು ಸಹಿ ಹಾಕಿಕೊಡುವ ಕಾಗದ. ಹಾಗೆ ಸಹಿ ಹಾಕುವವರು ಪಂಚರು. ನಮ್ಮ ಕಡೆ ಸ್ಥಳಕ್ಕೆ ಯಾರೂ ಹೋಗುವುದಿಲ್ಲ. ಪಂಚಾಯ್ತಿ ಎದುರಿನ ಟೀ ಅಂಗಡಿಯ ಬೆಂಚೇ ಸ್ಥಳ. ಯಾರು ಕೂತಿರುತ್ತಾರೋ ಅವರೇ ಪಂಚರು. ಒಂದು ಟೀ, ಎರಡು ಬೋಂಡ, ಒಂದು ಸಹಿ. ಎದುರಿಗೇ ಅಂಗಡಿ ಇಟ್ಟುಕೊಂಡ ನಾನು ಎಷ್ಟಕ್ಕೆ ಹಾಕಿದ್ದೇನೋ ಲೆಕ್ಕವಿಲ್ಲ.

'ಸದರಿ ಕಡತ ಲಭ್ಯವಿರುವುದಿಲ್ಲ.' ಮೇಸ್ತ್ರಿ ಮೇಲ್ಮನವಿ ಹಾಕಿದರು. ಮತ್ತೆ 'ಲಭ್ಯವಿರುವುದಿಲ್ಲ'. ಮಾಹಿತಿ ಆಯೋಗಕ್ಕೆ ಹಾಕಿದರು.

"ಬಿಡಿ ಮೇಸ್ತ್ರಿ, ಆಸ್ಪತ್ರೆ ಇಲ್ಲ ಅನ್ನೋದು ಕಣ್ಣಿಗೇ ಕಾಣ್ತೈತೆ. ಮಹಜರ್ ಯಾಕೆ?"

"ಆಸ್ಪತ್ರೆ ಇಲ್ಲ ಅಂತ ಎಲ್ರಿಗೂ ಗೊತ್ತು. ಐತೆ ಅಂದೋರು ಯಾರು ಅಂತ ಗೊತ್ತಾಗ್ಬೇಕು" ಎಂದರು. ಆ ಅರ್ಧ ಮುಚ್ಚಿದ ಕಣ್ಣು ನನ್ನ ಮೇಲೆಯೇ ಇತ್ತು. "ಅದು ಬಂದಾಗ ನಾನಿಲ್ದಿದ್ರೆ ನೀನೇ ಒಡ್ದು ನೋಡು. ನೋಡ್ದೆ ಮಾತ್ರ ಯಾರಿಗೂ ಕೊಡ್ಬೇಡ."

ಒಂದು ಮಂಗಳವಾರ, ನರ್ಸಮ್ಮ ಇನ್ನೂ ಬಂದಿರಲಿಲ್ಲ. ಜಯಮ್ಮ ಸೊಸೆಯನ್ನು ಕರೆದುಕೊಂಡು ಹೋಗಿದ್ದಳು. ಸೊಸೆಗೆ ಏಳು ತಿಂಗಳು, ಬಿಪಿ ಏರುತ್ತಿತ್ತು, ವಾರ ವಾರ ನೋಡಬೇಕು ಎಂದಿದ್ದರು. ಮೇಸ್ತ್ರಿ ಎಂದಿನ ಹಾಗೆ ಕಾಯುವ ಜಾಗದಲ್ಲಿ, ಕುರ್ಚಿಯಲ್ಲಿ, ಬೆನ್ನು ನೆಟ್ಟಗೆ. ಮಾತಾಡಿಸಿದರೆ ಮಾತಿಲ್ಲ. ಕುರ್ಚಿಯ ಹಿಂದೆ ಗೋಡೆ ಇದ್ದಂತೆ ತಲೆ ಹಿಂದಕ್ಕೆ ಒರಗಿತ್ತು. ಕುರ್ಚಿಗೆ ಅಷ್ಟು ಎತ್ತರದ ಬೆನ್ನಿರಲಿಲ್ಲ.

ಹೆಣ ಹೊರಗೆ ತಂದ ಬಗೆ ಮೊದಲೇ ಹೇಳಿದ್ದೇನೆ.

ಮಣ್ಣು ಮಾಡಿದೆವು. ಕುರ್ಚಿಯನ್ನು ಯಾರೂ ಎತ್ತಲಿಲ್ಲ. ಸುಣ್ಣ ಎಷ್ಟು ದಿನ ನಿಲ್ಲುತ್ತದೆ? ಅವರು ಪ್ರತಿ ಸೋಮವಾರ ಹೊಸದಾಗಿ ಹಾಕುತ್ತಿದ್ದರು. ಗಾಳಿಗೆ, ದನದ ಕಾಲಿಗೆ ತಾನೇ ಹೋಗುತ್ತದೆ, ಅಲ್ಲಿಗೆ ಆಸ್ಪತ್ರೆ ಮುಗಿಯಿತು ಎಂದುಕೊಂಡೆ. ಆದರೆ ಮುಂದಿನ ಮಂಗಳವಾರ ಬೆಳಗ್ಗೆ ನೋಡಿದರೆ ಗೆರೆ ಫಳಫಳ ಅನ್ನುತ್ತಿದೆ. ಜೋಡಿ ಗೆರೆ, ಅದೇ ಅಗಲ. ಜಯಮ್ಮ ಹಾಕಿರಬೇಕು ಎಂದುಕೊಂಡೆ. "ನೀನ್ ಹಾಕಿದ್ದು ಒಳ್ಳೇದಾಯ್ತು ಕಣಪ್ಪ" ಎಂದಳು ಅವಳು. ನರ್ಸಮ್ಮನನ್ನು ಕೇಳಿದೆ, ಕ್ರಿಕೆಟ್ಟಿನವರನ್ನು ಕೇಳಿದೆ. ಪ್ರತಿಯೊಬ್ಬರೂ ಇನ್ನೊಬ್ಬರ ಹೆಸರು ಹೇಳಿದರು. ಅದರ ಮುಂದಿನ ವಾರವೂ ಹೊಸ ಗೆರೆ. ಅದರ ಮುಂದಿನ ವಾರವೂ. ನಾನು ಕೇಳುವುದನ್ನು ಬಿಟ್ಟೆ.

ನಾಲ್ಕನೇ ವಾರ ಪೋಸ್ಟ್‌ಮನ್ ದಪ್ಪ ಲಕೋಟೆ ತಂದ. ಆಯೋಗ ಗದರಿದ ಮೇಲೆ ಕಡತ ಸಿಕ್ಕಿತ್ತು. ನಾನು ಸಹಿಗೆ ಮುಂಚೆಯೇ ಲಕೋಟೆ ಒಡೆಯಲು ಹೋದೆ. "ನೀವೂ ಶುರು ಹಚ್ಕೊಂಡ್ರಾ?" ಎಂದ. ಒಡೆದೆ.

ಸ್ಥಳ ಮಹಜರು. ನಾವು ಪಂಚರು ಸ್ಥಳಕ್ಕೆ ಹೋಗಿ, ಕಟ್ಟಡವನ್ನು ಕಣ್ಣಾರೆ ಕಂಡು, ಸಮ್ಮತಿಸಿ ಸಹಿ ಮಾಡಿರುತ್ತೇವೆ. ಕೆಳಗೆ ಎರಡು ಸಹಿ.

ಮೊದಲನೆಯದು ಮೇಸ್ತ್ರಿಯದು.

ಎರಡನೆಯದು ನನ್ನದು.

ಆ ಕ್ಷಣಕ್ಕೆ ಆ ದಿನ ಪೂರ್ತಿ ನೆನಪಾಯಿತು, ಯಾರೋ ದೀಪ ಹಾಕಿದ ಹಾಗೆ. ಟೀ ಅಂಗಡಿಯ ಬೆಂಚು. ಕಂಟ್ರಾಕ್ಟರನ ಕಡೆಯವನು ಕಾಗದ ಚಾಚಿದ್ದ. ಮೇಸ್ತ್ರಿ ಪೆನ್ನು ಹಿಡಿದು, "ಎಲ್ಲಪ್ಪ ಕಟ್ಟಿರೋದು? ನಾನ್ ಕಾಣೆ" ಎಂದಿದ್ದರು. ಅವನು, "ಶುರುವಾಯ್ತದೆ ಕಣಣ್ಣ, ಬಿಲ್ಲಿಗೆ ಮುಂಚೇನೇ ಬೇಕು" ಎಂದಿದ್ದ. ಮೇಸ್ತ್ರಿ ಪೆನ್ನು ಕೆಳಗಿಟ್ಟರು. ಆಗ ಪಕ್ಕದಲ್ಲಿ ಬೋಂಡ ತಿನ್ನುತ್ತಿದ್ದ ನಾನು ಅವರ ತೊಡೆ ತಟ್ಟಿ ಹೇಳಿದ್ದೆ:

"ಹಾಕಿ ಮೇಸ್ತ್ರಿ, ಏನಾಯ್ತದೆ. ನಾನೂ ಹಾಕ್ತೀನಿ."

ಅವರು ಅದನ್ನು ಒಂದು ದಿನವೂ ಮರೆತಿರಲಿಲ್ಲ. ನನ್ನ ಸ್ಟೂಲಿನ ಮೇಲೆ ಕೂತು, ನನ್ನ ಕೈಯಲ್ಲೇ ಅರ್ಜಿ ಬರೆಸುತ್ತಿದ್ದರು. ಒಂದು ಸಲವೂ ನನ್ನ ಮುಖಕ್ಕೆ ಹೇಳಲಿಲ್ಲ.

ಈಗ ಒಬ್ಬ ಪಂಚ ಮಣ್ಣಲ್ಲಿದ್ದಾನೆ. ಇನ್ನೊಬ್ಬನ ಕೈಯಲ್ಲಿ ಕಾಗದ ಇದೆ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ. ಹರಿದು ಬಿಸಾಕಿದರೆ ಕೇಳುವವರಿಲ್ಲ. ಮೇಸ್ತ್ರಿ ಇಲಾಖೆಗೆ ಕೊಟ್ಟಿದ್ದ ದೂರು ಮುಂದೆ ಹೋಗುವುದಿಲ್ಲ, ಕಟ್ಟಡ ಇದೆ ಎಂದೇ ಕಾಗದದಲ್ಲಿ ಉಳಿಯುತ್ತದೆ, ಇದ್ದ ಮೇಲೆ ಇನ್ನೊಂದನ್ನು ಯಾರು ಕಟ್ಟುತ್ತಾರೆ? ಕೊಟ್ಟರೆ, ಸುಳ್ಳು ಸಾಕ್ಷಿ ಹೇಳಿದವನು ನಾನೇ ಎಂದು ನಾನೇ ಬರೆದುಕೊಡಬೇಕು. ನಿಜ ಹೇಳುತ್ತೇನೆ, ಎರಡು ದಿನ ಕೊಡಲಿಲ್ಲ. ಮೂರನೇ ದಿನ ಜಯಮ್ಮ ಬಂದು, "ಸೊಸೆ ಕಾಲು ಊದ್ಕೊಂಡವೆ. ಮಂಗಳವಾರ ಮಳೆ ಬರ್ದಿದ್ರೆ ಸಾಕು ದೇವ್ರೇ" ಎಂದಳು. ಅವತ್ತೇ ಹೇಳಿಕೆ ಟೈಪ್ ಮಾಡಿ, ಮಹಜರಿನ ನಕಲು ಲಗತ್ತಿಸಿ ಇಲಾಖೆಗೆ ಕಳಿಸಿದೆ.

ತನಿಖೆಗೆ ಅಧಿಕಾರಿ ಬಂದದ್ದೂ ಮಂಗಳವಾರವೇ. ನಡುವಯಸ್ಸಿನ ಗಂಭೀರ ಮನುಷ್ಯ. ಹೆಂಗಸರು ಸಾಲಿನಲ್ಲಿದ್ದರು. ನಾನು ಚಪ್ಪಲಿ ಬಿಟ್ಟು ಬಾಗಿಲ ಜಾಗದಿಂದ ಒಳಗೆ ಹೋದೆ. ಅವರು ಮಾತಾಡುತ್ತಲೇ ಶೂ ಬಿಚ್ಚಿ ಹಿಂದೆ ಬಂದರು. ಬಿಚ್ಚಿದ್ದು ಅವರಿಗೆ ಗೊತ್ತಾದಂತೆ ಕಾಣಲಿಲ್ಲ.

"ಎರಡನೇ ಸಹಿ ಯಾರದು?"

"ನಂದು ಸಾರ್."

"ಕಟ್ಟಡ ನೋಡಿ ಹಾಕಿದ್ರಾ?"

"ಇಲ್ಲ ಸಾರ್. ಬೋಂಡ ತಿಂತಾ ಹಾಕ್ದೆ. ಇನ್ನೊಬ್ರ ಕೈಲೂ ನಾನೇ ಹಾಕಿಸ್ದೆ."

"ಅವರೆಲ್ಲಿ?"

ಸಾಲಿನಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಖಾಲಿ ಕುರ್ಚಿಯ ಕಡೆ ತಿರುಗಿದರು. ಅಧಿಕಾರಿಯೂ ತಿರುಗಿದರು. ಆಮೇಲೆ ಅವರು ಆ ಪ್ರಶ್ನೆ ಕೇಳಲಿಲ್ಲ. ನನ್ನ ಹೇಳಿಕೆ ಬರೆದುಕೊಳ್ಳಲು ಪ್ಯಾಡನ್ನು ಎದೆಮಟ್ಟಕ್ಕೆ ಎತ್ತಿ, ಪಕ್ಕದ ಗೋಡೆಗೆ ಒರಗಿಸುವವರಂತೆ ಕೈ ಚಾಚಿದರು. ಸುಮ್ಮನೆ ಗಾಳಿಯಲ್ಲಿ ಹಿಡಿದು ನಿಂತು, ನಿಧಾನವಾಗಿ ಇಳಿಸಿದರು. ಬರೆದು ಮುಗಿಸಿ, "ಓದಿ ನೋಡಿ ಸಹಿ ಹಾಕಿ" ಎಂದರು. ಪ್ರತಿ ಸಾಲನ್ನೂ ಓದಿದೆ. ಎರಡು ಸಲ. ಆಮೇಲೆ ಹಾಕಿದೆ.

ಕಡತ ಮತ್ತೆ ತೆರೆದಿದೆ. ನನ್ನ ಹೆಸರಿಗೆ ನೋಟಿಸ್ ಬಂದಿದೆ, ಹೋಗುತ್ತೇನೆ, ಏನಾಗುತ್ತದೋ ಗೊತ್ತಿಲ್ಲ. ಕಟ್ಟಡ ಇನ್ನೂ ಬಂದಿಲ್ಲ.

ಆದರೆ ಬರೆಯಲು ಹೊರಟಿದ್ದು ಇದು. ಹೇಳಿಕೆಗೆ ಸಹಿ ಹಾಕಿದ ಮುಂದಿನ ಮಂಗಳವಾರ, ಬೆಳಗ್ಗೆ ಬಯಲಿಗೆ ಹೋದರೆ ಗೆರೆ ಇಲ್ಲ. ಯಾರೂ ಹಾಕಿರಲಿಲ್ಲ. ಹಳೆಯ ಸುಣ್ಣ ಅಲ್ಲಲ್ಲಿ ಮಸುಕು. ಕ್ರಿಕೆಟ್ಟಿನವರ ವಿಕೆಟ್ಟು ಹಳೆಯ ಜಾಗಕ್ಕೆ ಬಂದಿತ್ತು. ಜಯಮ್ಮನ ಸೊಸೆ ಹೊಟ್ಟೆ ಹಿಡಿದುಕೊಂಡು ಎಲ್ಲಿ ನಿಲ್ಲುವುದೆಂದು ತಿಳಿಯದೆ ನಿಂತಿದ್ದಳು. ನರ್ಸಮ್ಮನ ಸ್ಕೂಟಿ ಬಂತು. ನಮ್ಮ ಕಡೆ ನೋಡಿದರು. ನಿಲ್ಲಿಸಲಿಲ್ಲ. ಬರೀ ಬಯಲನ್ನು ದಾಟಿ ಹೋಗುವವರ ಹಾಗೆ ದಾಟಿ ಹೋದರು. ನಾನು ಕೂಗಿಕೊಂಡು ಹಿಂದೆ ಓಡಿ, ಕೆರೆ ಏರಿಯ ಹತ್ತಿರ ತಡೆದೆ. "ಅಯ್ಯೋ, ಕಾಣ್ಲೇ ಇಲ್ಲ ಕಣ್ರೀ" ಎಂದರು. ಹೆಂಗಸರು ಕಾಣಲಿಲ್ಲವೇ ಎಂದು ಕೇಳಿದರೆ, ಹೆಂಗಸರಲ್ಲ, ಆಸ್ಪತ್ರೆಯೇ ಕಾಣಲಿಲ್ಲ ಎಂದರು.

ಮುಂದಿನ ಸೋಮವಾರ ಅಂಗಡಿಗೆ ಬೀಗ ಹಾಕಿ, ಮೇಸ್ತ್ರಿಯ ತಮ್ಮನ ಮನೆಗೆ ಹೋಗಿ ಅಳತೆ ಟೇಪು ಕೇಳಿದೆ. ಅವನು ತಂದುಕೊಟ್ಟ. ಒಂದು ಚೀಲ ಸುಣ್ಣ, ನಾಲ್ಕು ಗೂಟ, ದಾರ. ನಕ್ಷೆಯ ಜೆರಾಕ್ಸು ನನ್ನಲ್ಲೇ ಇತ್ತು. ಕುರ್ಚಿ ಇದ್ದ ಜಾಗದಿಂದ ಅಳೆಯಲು ಶುರು ಮಾಡಿದೆ. ಬೆನ್ನು ಹಿಡಿದುಕೊಂಡಿತು, ಎರಡು ಸಲ ಗೆರೆ ಸೊಟ್ಟಗಾಗಿ ಕಾಲಲ್ಲಿ ಅಳಿಸಿ ಮತ್ತೆ ಹಾಕಿದೆ. ಮೂರು ಗಂಟೆಯ ಹೊತ್ತಿಗೆ ಒಂದು ನಾಯಿ ಬಂದು ಪೂರ್ವದ ಗೆರೆ ಮೂಸಿ, ಅದಕ್ಕೆ ಬೆನ್ನು ಒತ್ತಿ ಮಲಗಿತು.

ಕೊನೆಗೆ ರಸ್ತೆಯ ಕಡೆ ಹೋಗಿ ನಿಂತು, ಚೆನ್ನಾಗಿ ನೋಡಿ, ಬಾಗಿಲಿಗೆ ಬಲಗಡೆ ಮೂರೂವರೆ ಅಡಿ ಬಿಟ್ಟೆ.